ಎರಡನೆಯ ಕೆಂಪು ಚುಕ್ಕೆ

ಪೆನ್ಸಿಲ್ವೇನಿಯಾದ ಕ್ರೇನ್ಸ್ ಹಾಲೋ ಗಾಲ್ಫ್ ಕ್ಲಬ್ಬಿನಲ್ಲಿ ಎಮಿಲ್ ಹ್ರುಸ್ಕಾ ಮೂವತ್ತೇಳು ವರ್ಷದಿಂದ ಕ್ಯಾಡಿಗಳ ಮೇಸ್ತ್ರಿ. ಆಟಗಾರರ ಚೀಲ ಹೊರುವ, ಪೊದೆಯಲ್ಲಿ ಚೆಂಡು ಹುಡುಕುವ ಇಪ್ಪತ್ತು ಜನರಿಗೆ ಅವನ ಮಾತೇ ಕಟ್ಟಳೆ. ಬೂಟಿನ ತುದಿಯಿಂದ ಚೆಂಡನ್ನು ಗೇಣುದ್ದ ಸರಿಸಿದನೆಂದು ಡೆನಿಸ್ ಕೋವಾಚ್ ಎಂಬ ಕ್ಯಾಡಿಯನ್ನು ಹಿಂದೊಮ್ಮೆ ಅದೇ ದಿನ ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದ. ಡೆನಿಸ್ ಅವನ ಸ್ವಂತ ಸೋದರಮಾವನ ಮಗ. ಆ ಮನೆಯವರು ಇವತ್ತಿಗೂ ಕ್ರಿಸ್‌ಮಸ್ಸಿಗೆ ಎಮಿಲ್‌ನನ್ನು ಕರೆಯುವುದಿಲ್ಲ.

ವರ್ಷದ ದೊಡ್ಡ ಪಂದ್ಯದ ಬೆಳಿಗ್ಗೆ ಮ್ಯಾನೇಜರ್ ಮಿಸೆಸ್ ಪ್ರುಯಿಟ್ ಕ್ಯಾಡಿಗಳು ಸೇರುವ ಕ್ಯಾಡಿ ಮನೆಯ ಬಾಗಿಲಿಗೇ ಬಂದಳು.

"ಎಮಿಲ್, ಈ ಸಲ ಭಾಷಣಕ್ಕೆ ನಮ್ಮ ಹಳೇ ಚಾಂಪಿಯನ್ ಮಿಸ್ಟರ್ ಟಿಲಟ್ಸನ್ ಬರ್ತಿದ್ದಾರೆ. ನಾನೇ ಕೇಳಿಕೊಂಡಿದ್ದಕ್ಕೆ, ಅವತ್ತು ಗೆದ್ದ ಚೆಂಡನ್ನೂ ತರ್ತಾರಂತೆ, ಗಾಜಿನ ಬೀರುನಲ್ಲಿ ಇಡೋಣ ಅಂತ. ನೀವು ಮುಂದಿನ ಮೇಜಲ್ಲೇ ಕೂತ್ಕೋಬೇಕು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎಮಿಲ್‌ನ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು.

ಆ ಜೇಬಿನ ಕಥೆ ಉಕ್ಕಿನ ಕಾರ್ಖಾನೆ ಬಾಗಿಲು ಹಾಕಿದ ವರ್ಷದ್ದು. ಎಮಿಲ್‌ನಿಗೆ ಆಗ ಇಪ್ಪತ್ತಾರು, ಹೆಂಡತಿ ಐರೀನಾ ಬಸುರಿ. ಕ್ಲಬ್ಬಿನ ಫೈನಲ್ಲಿನಲ್ಲಿ ವಾರನ್ ಟಿಲಟ್ಸನ್‌ರ ಚೀಲ ಹೊತ್ತಿದ್ದ. ತಾವು ಗೆದ್ದರೆ ಇಲ್ಲೇ ಕಾಯಂ ಕೆಲಸ ಕೊಡಿಸುವುದಾಗಿ ಟಿಲಟ್ಸನ್ ಮಾತು ಕೊಟ್ಟಿದ್ದರು. ತಮ್ಮ ಚೆಂಡು ಬೇರೆಯವರದರ ಜೊತೆ ಬೆರೆಯದಿರಲೆಂದು ಆಟಗಾರರು ಅದರ ಮೇಲೆ ಗುರುತು ಹಾಕಿಕೊಳ್ಳುತ್ತಾರೆ. ಟಿಲಟ್ಸನ್‌ರದು ಎರಡು ಕೆಂಪು ಚುಕ್ಕೆ. ಇಡುವ ಕೈ ಎಮಿಲ್‌ನದು. ಆ ಬೆಳಿಗ್ಗೆ ಮೂರನೆಯ ಚೆಂಡಿಗೆ ಒಂದು ಚುಕ್ಕೆ ಇಟ್ಟಿದ್ದನಷ್ಟೆ, ಆಟಕ್ಕೆ ಕರೆ ಬಂತು. ಅದನ್ನು ಹಾಗೇ ಜೇಬಿಗೆ ಹಾಕಿಕೊಂಡ.

ಕೊನೆಯ ಕುಳಿಗೆ ಆಡುವಾಗ ಟಿಲಟ್ಸನ್ ಹೊಡೆದ ಚೆಂಡು ಓಕ್ ಮರಗಳ ನಡುವೆ ಹೋಗಿ ಮಾಯವಾಯಿತು. ಹುಡುಕಲು ಐದೇ ನಿಮಿಷ. ಸಿಗದಿದ್ದರೆ ದಂಡ, ದಂಡ ಬಿದ್ದರೆ ಸೋಲು. ನಾಲ್ಕನೆಯ ನಿಮಿಷಕ್ಕೆ ಎಮಿಲ್ ಜೇಬಿನ ಚೆಂಡನ್ನು ತರಗೆಲೆಯ ಮೇಲೆ ಮೆಲ್ಲಗೆ ಬಿಟ್ಟು, ಸಿಕ್ಕಿತು ಎಂದು ಕೈ ಎತ್ತಿದ. ಟಿಲಟ್ಸನ್ ಗೆದ್ದರು. ಬಿಟ್ಟ ಚೆಂಡಿಗೆ ಇದ್ದದ್ದು ಒಂದೇ ಚುಕ್ಕೆ ಎಂಬುದು ಅವನಿಗೆ ಹೊಳೆದದ್ದು ಚಪ್ಪಾಳೆಯ ನಡುವೆ. ಅಷ್ಟರಲ್ಲಿ ಟಿಲಟ್ಸನ್ ಅದನ್ನು ತಮ್ಮ ಜೇಬಿಗೆ ಸೇರಿಸಿಯಾಗಿತ್ತು. ಕೆಲಸ ಕೊಡಿಸಿ ಫ್ಲಾರಿಡಾಕ್ಕೆ ಹೋದವರು ಮತ್ತೆ ಈ ಕಡೆ ಮುಖ ಹಾಕಿರಲಿಲ್ಲ.

ಆ ಚೆಂಡು ಈಗ ವಾಪಸು ಬರುತ್ತಿತ್ತು. ಎಮಿಲ್ ದಿನವಿಡೀ ಹೆದರಿದ, ಮುಚ್ಚಿಡುವುದೇಕೆ. ಕ್ಯಾಡಿಗಳಿಗೆ ಚೀಲ ಹಂಚುವಾಗ ಇಬ್ಬರ ಹೆಸರು ತಪ್ಪಾಗಿ ಕೂಗಿದ. ಐರೀನಾ ಕಟ್ಟಿಕೊಟ್ಟ ಎಲೆಕೋಸಿನ ಸುರುಳಿ ಡಬ್ಬಿಯಲ್ಲೇ ತಣ್ಣಗಾಯಿತು. ಕೆಲಸ ಹೋಗುವ ಭಯ ಅಷ್ಟಿರಲಿಲ್ಲ; ಡೆನಿಸ್‌ಗೆ ಸುದ್ದಿ ಮುಟ್ಟಿದರೆ ಅವನಿಗೆ ಮುಖ ತೋರಿಸುವುದು ಹೇಗೆ ಎಂಬುದೇ ದೊಡ್ಡ ಚಿಂತೆ.

ಸಂಜೆ ಊಟದ ಸಭಾಂಗಣದಲ್ಲಿ ಟಿಲಟ್ಸನ್ ಎದ್ದು ನಿಂತರು. ಎಂಬತ್ತು ದಾಟಿದ ಮುದುಕ, ಕೈ ನಡುಗುತ್ತಿತ್ತು. ಅಂಪೈರೇ ಇಲ್ಲದ ಈ ಆಟದಲ್ಲಿ ಮನಸ್ಸಾಕ್ಷಿಯೇ ಅಂಪೈರು ಎಂದು ಶುರುಮಾಡಿದರು. ಚೆಂಡು ಹುಡುಕಿಕೊಟ್ಟ ಎಮಿಲ್‌ನನ್ನು ಎಬ್ಬಿಸಿ ನಿಲ್ಲಿಸಿದರು, ಜನ ಚಪ್ಪಾಳೆ ತಟ್ಟಿದರು. ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಮಾತಿನ ಓಘದಲ್ಲಿ, ತಮ್ಮ ಚೆಂಡಿಗೆ ಯಾವಾಗಲೂ ಎರಡು ಕೆಂಪು ಚುಕ್ಕೆ, ಇಟ್ಟವನು ಇವನೇ ಎಂದೂ ಹೇಳಿಬಿಟ್ಟರು. ಹೇಳಿದವರು ತಟ್ಟನೆ ಬಾಯಿ ಮುಚ್ಚಿ, ಚೆಂಡಿದ್ದ ಮುಷ್ಟಿಯನ್ನು ಕೋಟಿನ ಜೇಬಿಗೆ ಇಳಿಸಿದರು. ಚೆಂಡು ತೋರಿಸಿ ಎಂದು ಹಿಂದಿನ ಮೇಜಿನಿಂದ ಯಾರೋ ಕೇಳಿದರು. ಬೀರುವಿನಲ್ಲಿ ಇಟ್ಟ ಮೇಲೆ ಎಲ್ಲರೂ ನೋಡಬಹುದು ಎಂದಳು ಮಿಸೆಸ್ ಪ್ರುಯಿಟ್.

ಸಿಹಿ ಬಡಿಸುವ ಹೊತ್ತಿಗೆ ಟಿಲಟ್ಸನ್ ಕೋಲೂರಿಕೊಂಡು ಕ್ಯಾಡಿ ಮನೆಗೆ ಬಂದರು. ಸಭಾಂಗಣದಿಂದ ಮೊದಲೇ ಎದ್ದು ಬಂದಿದ್ದ ಎಮಿಲ್ ಒಳಗೆ ಒಬ್ಬನೇ ಇದ್ದ. ಟಿಲಟ್ಸನ್ ಬಾಗಿಲು ಹಾಕಿ, ಮೊದಲು ಕೇಳಿದ್ದು ಒಂದೇ ಮಾತು.

"ಯಾರಿಗಾದ್ರೂ ಹೇಳಿದ್ದೀಯಾ?"

"ಇಲ್ಲ ಸರ್. ನಿಮಗೆ ಗೊತ್ತಿತ್ತಾ?"

"ಕುಳಿ ಸುತ್ತಲಿನ ಗ್ರೀನ್ ಮೇಲೆ ಚೆಂಡು ಎತ್ತಿ ಒರೆಸಿದಾಗಲೇ ನೋಡ್ದೆ, ಒಂದೇ ಚುಕ್ಕೆ. ಇನ್ನೂ ಒಂದು ಹೊಡೆತ ಬಾಕಿ ಇತ್ತು. ಆಗ್ಲೇ ಹೇಳ್ಬಹುದಿತ್ತು." ಮುದುಕ ಬೆಂಚಿನ ಮೇಲೆ ಕುಸಿದರು. "ನೀನು ಎಲ್ಲಿ ಬಾಯಿ ಬಿಡ್ತೀಯೋ ಅಂತಾನೇ ಈ ಊರಿಗೆ ಬರ್ಲಿಲ್ಲ ಕಣೋ."

ಮೂವತ್ತೇಳು ವರ್ಷ ಒಬ್ಬರಿಗೊಬ್ಬರು ಹೆದರಿಕೊಂಡೇ ಬದುಕಿದ್ದರು. ನಗು ಬರಬೇಕಿತ್ತು, ಇಬ್ಬರಿಗೂ ಬರಲಿಲ್ಲ. ಟಿಲಟ್ಸನ್ ಚೆಂಡನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಕೆಂಪು ಪೆನ್ನು ಇಟ್ಟರು.

"ನನ್ನ ಕೈ ನಿಲ್ಲಲ್ಲ. ಇನ್ನೊಂದು ನೀನೇ ಇಡು."

ಎಮಿಲ್‌ನಿಗೆ ಡೆನಿಸ್‌ನ ನೆನಪಾಯಿತು. ಗೇಣುದ್ದದ ತಪ್ಪಿಗೆ ತಲೆ ತಗ್ಗಿಸಿ ಇದೇ ಬಾಗಿಲಿನಿಂದ ಹೋದವನು. ಅಷ್ಟರಲ್ಲಿ ಹೊರಗೆ ಜಲ್ಲಿಯ ಮೇಲೆ ಮಿಸೆಸ್ ಪ್ರುಯಿಟ್‌ಳ ಹೆಜ್ಜೆ ಸಪ್ಪಳ ಕೇಳಿಸಿತು. ಎಮಿಲ್ ಪೆನ್ನಿನ ಮುಚ್ಚಳ ತೆಗೆದು ಚುಕ್ಕೆ ಇಟ್ಟ.

ಇಟ್ಟ ಮೇಲೆ ನೋಡಿದ. ಹಳೆಯದು ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಹೊಸದು ಹಸಿ ಕೆಂಪು, ಮಾರು ದೂರದಿಂದಲೂ ಬೇರೆಯಾಗಿ ಕಾಣುತ್ತಿತ್ತು. ಒಳಗೆ ಬಂದ ಮಿಸೆಸ್ ಪ್ರುಯಿಟ್ ಚೆಂಡನ್ನು ಕರವಸ್ತ್ರದಲ್ಲಿ ಹಿಡಿದು ಸಭಾಂಗಣದ ಕಡೆ ನಡೆದಳು. ಬೀರುವಿನ ಗಾಜು ಬೆಳಗುವ ಕೆಲಸ ಇನ್ನು ಮೇಲೆ ನಿಮ್ಮದೇ ಎಂದು, ಗೌರವವೆಂಬಂತೆ, ಅದರ ಬೀಗದ ಕೈಯನ್ನು ಎಮಿಲ್‌ನ ಅಂಗೈಯಲ್ಲಿಟ್ಟು ಹೋಗಿದ್ದಳು.