ಉಮ್ಮ್ ಸಲಾಲಿನಲ್ಲಿ ಕೊಯ್ದ ಗುಂಡಿಗೆ

ಕೂತಲ್ಲಿ ಕೂರಲಾಗದೆ ಕಾಲೇಜು ಸೇರಿದವಳು ನಾನು. ಮದುವೆಯಾಗಿ ಗದಗಿನ ಕಡೆಯಿಂದ ಕತಾರಿಗೆ ಬರುವಾಗ ಬಿ.ಎಸ್ಸಿ. ಮೊದಲ ವರ್ಷವನ್ನು ನಡುವೆಯೇ ಬಿಟ್ಟಿದ್ದೆ. ಅಲ್ ವುಕೈರಿನ ನಮ್ಮ ಫ್ಲಾಟಿನ ಕಿಟಕಿಯಿಂದ ಕಾಣುತ್ತಿದ್ದದ್ದು ಎದುರಿನವರ ಕಿಟಕಿ, ಅದರಾಚೆ ಇನ್ನೂ ಕಟ್ಟುತ್ತಿದ್ದ ಕಟ್ಟಡ. ನನ್ನವರು ಉತ್ತರದ ಗ್ಯಾಸ್ ಪ್ಲಾಂಟೊಂದರಲ್ಲಿ ಸೂಪರ್‌ವೈಸರ್. ವಾರವಿಡೀ ಅಲ್ಲಿನ ಕ್ಯಾಂಪಿನಲ್ಲಿದ್ದು ಗುರುವಾರ ಸಂಜೆ ಮನೆಗೆ ಬರುತ್ತಿದ್ದರು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ ಬೆಳಗಿನ ಹೊತ್ತು ನನ್ನನ್ನು ತಿನ್ನತೊಡಗಿತು. ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಿದ್ದೆ. ಟೀವಿ ಹಾಕುತ್ತಿದ್ದೆ, ಆರಿಸುತ್ತಿದ್ದೆ. ಲಿಫ್ಟಿನಲ್ಲಿ ಕೆಳಗಿಳಿದು, ಬಿಸಿಲಿಗೆ ಹೆದರಿ, ಅದೇ ಲಿಫ್ಟಿನಲ್ಲಿ ಮೇಲೆ ಬರುತ್ತಿದ್ದೆ.

ಕಮ್ಯುನಿಟಿ ಕಾಲೇಜಿನ ವಿಷಯ ಹೇಳಿದ್ದು ಮೇಲಿನ ಮನೆಯ ಮಂಗಳೂರಿನಾಕೆ. ಅಲ್ಲಿ ಎರಡು ವರ್ಷ ಓದಿದರೆ ಆಮೇಲೆ ವಿಶ್ವವಿದ್ಯಾಲಯದ ಮೂರನೇ ವರ್ಷಕ್ಕೆ ನೇರ ಹೋಗಬಹುದಂತೆ. ಬಯಾಲಜಿ ತೆಗೆದುಕೊಳ್ಳುತ್ತೇನೆ ಅಂದೆ. ನನ್ನವರು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

“ಕಲಿ. ಆದ್ರ ನಡುವ ಬಿಡಬ್ಯಾಡ. ಒಮ್ಮೆ ಬಿಟ್ಟಿದ್ದು ಸಾಕು.”

“ಅವಾಗ ನಾ ಬಿಟ್ಟಿದ್ದಲ್ರಿ. ಲಗ್ನ ಮಾಡಿ ಬಿಡಿಸಿದ್ರು.”

“ನಾನೂ ಅದನ್ನ ಹೇಳಾಕತ್ತಿದ್ದು,” ಅಂದರು.

ಹೆಣ್ಣುಮಕ್ಕಳ ಕ್ಲಾಸು. ಹೆಚ್ಚಿನವರು ಆಗಷ್ಟೇ ಶಾಲೆ ಮುಗಿಸಿದ ಹುಡುಗಿಯರು. ವಯಸ್ಸಾದವರೆಂದರೆ ನಾನು ಮತ್ತು ಒಬ್ಬ ಕತಾರಿ ಹೆಂಗಸು. ನಾವಿಬ್ಬರೂ ಮೊದಲ ದಿನ ಹಿಂದಿನ ಬೆಂಚಿಗೆ ಹೋಗಿ ಕೂತೆವು, ಎರಡು ವರ್ಷವೂ ಅಲ್ಲೇ ಕೂತೆವು. ಆಕೆಯ ಹಿರಿಮಗ ನಮ್ಮ ಕ್ಲಾಸಿನ ಹುಡುಗಿಯರಿಗಿಂತ ದೊಡ್ಡವನು. ಜೋರಾಗಿ ನಗುತ್ತಿದ್ದಳು, ಮೊಬೈಲಿನಲ್ಲಿ ಮನೆಯವರನ್ನು ಗದರುತ್ತಿದ್ದಳು, ಮತ್ತೆ ತಿರುಗಿ ಇಂಗ್ಲಿಷಿನಲ್ಲಿ ನನ್ನ ಹತ್ತಿರ ಮೈಟೊಕಾಂಡ್ರಿಯಾದ ಅರ್ಥ ಕೇಳುತ್ತಿದ್ದಳು. ನೀನ್ಯಾಕೆ ಓದಲು ಬಂದೆ ಎಂದು ಕೇಳಿದ್ದಕ್ಕೆ ಹೇಳಿದಳು: “ಐದು ಮಕ್ಕಳಿಗೆ ಹೋಂವರ್ಕ್ ಮಾಡಿಸಿದೆ. ಅವರೆಲ್ಲ ಪಾಸಾಗಿ ಮುಂದೆ ಹೋದರು. ನಾನು ಮಾತ್ರ ಅದೇ ಕ್ಲಾಸಿನಲ್ಲಿ ಉಳಿದುಬಿಟ್ಟೆ.”

ಮೊದಲ ವರ್ಷ ಈರುಳ್ಳಿ ಸಿಪ್ಪೆ, ಎಲೆ, ಬೇರು. ಅದರಲ್ಲಿ ನಾನು ಚುರುಕು. ತೊಂದರೆ ಶುರುವಾದದ್ದು ಎರಡನೇ ವರ್ಷ, ಕುರಿಯ ಹೃದಯ ಕೊಯ್ಯುವ ದಿನ. ನಮ್ಮದು ಮೊಟ್ಟೆ ಸಹ ಹೊಸ್ತಿಲು ದಾಟದ ಲಿಂಗಾಯತರ ಮನೆ. ಟ್ರೇ ನನ್ನ ಮುಂದೆ ಬಂದದ್ದೇ ಎದ್ದು ಕಾರಿಡಾರಿಗೆ ಹೋದೆ. ಅಲ್ಲಿಯೂ ನಿಲ್ಲಲಾಗದೆ ಆ ತುದಿಯಿಂದ ಈ ತುದಿಗೆ ನಡೆದೆ. ಬಾಗಿಲ ಗಾಜಿನಲ್ಲಿ ಕಾಣುತ್ತಿತ್ತು: ನನ್ನ ಬೆಂಚಿನ ಕತಾರಿ ಗೆಳತಿ ನನ್ನ ಪಾಲಿನದನ್ನೂ ತಾನೇ ಕೊಯ್ಯುತ್ತಿದ್ದಳು.

ಪಾಠ ಮಾಡುವವರು ಸುಡಾನಿನ ಮೇಡಂ. ಬೈಯಲಿಲ್ಲ. “ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಿನ್ನ ಟ್ರೇ ನಿನಗೆ, ಅವಳದ್ದು ಅವಳಿಗೆ,” ಅಂದರು. “ಇದರಲ್ಲಿ ಪಾಸಾಗದಿದ್ದರೆ ವಿಶ್ವವಿದ್ಯಾಲಯದವರು ಬಯಾಲಜಿಗೆ ತೆಗೆದುಕೊಳ್ಳುವುದಿಲ್ಲ. ಯೋಚನೆ ಮಾಡು.”

ಆ ವಾರ ನನಗೆ ಯೋಚನೆಯೊಂದೇ ಕೆಲಸವಾಯಿತು. ಮೆಟ್ರೊದಲ್ಲಿ ಇಳಿಯುವ ಸ್ಟೇಷನ್ ದಾಟಿ ಹೋದೆ. ಅನ್ನ ಸೀಯಿಸಿದೆ. ಬೇರೆ ಸಬ್ಜೆಕ್ಟಿಗೆ ಬದಲಾಯಿಸೋಣವೇ ಎಂದುಕೊಂಡರೆ ನನ್ನವರ ಮಾತು ಕಿವಿಯಲ್ಲಿ ಬರುತ್ತಿತ್ತು. ಕೊನೆಗೆ ಗೆಳತಿಯೇ ದಾರಿ ತೆಗೆದಳು. “ಅಲ್ಲಿ ಎಲ್ಲರೂ ನೋಡುತ್ತಾರೆ, ಅದಕ್ಕೇ ನಿನ್ನ ಕೈ ಬರುವುದಿಲ್ಲ. ನನ್ನ ಮನೆಗೆ ಬಾ. ಯಲ್ಲಾ, ನಡೆ, ಶನಿವಾರ ಕಾರು ಕಳಿಸುತ್ತೇನೆ.”

ಉಮ್ಮ್ ಸಲಾಲಿನಲ್ಲಿ ಅವಳ ಮನೆ. ಎತ್ತರದ ಗೋಡೆಯ ಒಳಗೆ ಅಂಗಳ, ಅಂಗಳದ ಮೂಲೆಯಲ್ಲಿ ಮನೆಯಿಂದ ಬೇರೆಯಾಗಿ ಅಡುಗೆಮನೆ. ಮೊದಲು ಏಲಕ್ಕಿ ಹಾಕಿದ ಕಾಫಿ, ಖರ್ಜೂರ ಕೊಟ್ಟಳು. ಖರ್ಜೂರವನ್ನು ಕೈಯಲ್ಲೇ ಹಿಡಿದು ಕೂತೆ. ಅವಳು ನಗುತ್ತಲೇ ನನ್ನನ್ನು ಅಡುಗೆಮನೆಗೆ ಕರೆದೊಯ್ದಳು. ಸ್ಟೀಲ್ ಬೋಗುಣಿಯಲ್ಲಿ ಎರಡು ಹೃದಯಗಳಿದ್ದವು, ಬೆಳಿಗ್ಗೆ ಮಾಂಸದ ಅಂಗಡಿಯಿಂದ ತರಿಸಿದ್ದವು.

ಗ್ಲೌಸು ಹಾಕಿ ಮುಟ್ಟಿದೆ. ತಣ್ಣಗಿತ್ತು. ಮೆತ್ತಗಿರುತ್ತದೆ ಎಂದುಕೊಂಡಿದ್ದೆ, ಗಟ್ಟಿಯಿತ್ತು. ಮೇಲೆ ಮೇಣದಂಥ ಕೊಬ್ಬು. ಬ್ಲೇಡು ಹಿಡಿದು ಹಾಗೇ ನಿಂತೆ. ಅವಳು ಹಿಂದಿನಿಂದ ಬಂದು ನನ್ನ ಕೈ ಮೇಲೆ ತನ್ನ ಕೈಯಿಟ್ಟು “ಬಿಸ್ಮಿಲ್ಲಾ” ಅಂದಳು. ನಾನು ಒಳಗೊಳಗೇ ಓಂ ನಮಃ ಶಿವಾಯ ಅಂದೆ. ಬ್ಲೇಡು ಇಳಿಯಿತು.

ತೆರೆದ ಮೇಲೆ ಒಳಗೆ ಕಂಡದ್ದಕ್ಕೆ ನಾನು ತಯಾರಿರಲಿಲ್ಲ. ಎಡಗಡೆಯ ಕೋಣೆಯ ಗೋಡೆ ದಪ್ಪ, ಅದರ ಬಾಯಲ್ಲಿ ಬಿಳಿಯ ತೆಳು ಪೊರೆ. ಆ ಪೊರೆಯ ಅಂಚನ್ನು ಸಣ್ಣ ಸಣ್ಣ ದಾರಗಳು ಕೆಳಗಿನಿಂದ ಹಿಡಿದುಕೊಂಡಿದ್ದವು. ಚಿಮುಟದಿಂದ ಒಂದು ದಾರ ಎಳೆದೆ. ಪೊರೆ ಬಿಗಿಯಾಯಿತು. ಬಿಟ್ಟೆ, ಸಡಿಲವಾಯಿತು. ಮತ್ತೆ ಎಳೆದೆ. ಎಷ್ಟು ಹೊತ್ತು ಹಾಗೆ ಮಾಡಿದೆನೋ, ಗೆಳತಿ ಯಾವಾಗ ಕೈ ಬಿಟ್ಟಳೋ ತಿಳಿಯಲಿಲ್ಲ. ಎರಡನೆಯದನ್ನು ಒಬ್ಬಳೇ ಕೊಯ್ದೆ.

“ಖಲಾಸ್,” ಅಂದಳು ಗೆಳತಿ. “ಇನ್ನು ಆ ಹೆಸರುಗಳನ್ನೆಲ್ಲ ನನಗೆ ಬಾಯಿಪಾಠ ಮಾಡಿಸು. ಕೊಯ್ಯುವುದು ಬರುತ್ತದೆ, ಹೆಸರು ಬರುವುದಿಲ್ಲ.”

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ, ಉಟ್ಟ ಬಟ್ಟೆಯನ್ನು ಬೇರೆಯಾಗಿ ನೆನೆಹಾಕಿದೆ. ಆದರೂ ಆ ದಾರಗಳು ಕಣ್ಣ ಮುಂದಿನಿಂದ ಹೋಗಲಿಲ್ಲ. ಹಾಳೆಯ ಮೇಲೆ ಬರೆದು ಬರೆದು ನೋಡುತ್ತಿದ್ದೆ. ಪಕ್ಕದಲ್ಲಿ ಕೂತ ಮಗಳು ಅದೇನು, ಇದೇನು ಎಂದು ಕೇಳಿದಳು. ಹೇಳಿದೆ. ಅದೇ ಆದ ತಪ್ಪು.

ಶುಕ್ರವಾರ ಊರಿಗೆ ವಿಡಿಯೊ ಕಾಲ್ ಮಾಡುವುದು ರೂಢಿ. ಅತ್ತೆ ದೊಡ್ಡ ಮಗನ ಮನೆಯಲ್ಲಿದ್ದಾರೆ. ದಿನಾ ಲಿಂಗಪೂಜೆಯಾಗದೆ ನೀರು ಮುಟ್ಟುವವರಲ್ಲ. ಅವರ ಮುಖ ಕಂಡ ಕೂಡಲೇ ಮಗಳು ಕೂಗಿದಳು: “ಅಜ್ಜಿ, ಮಮ್ಮಿ ಶೀಪ್ ಹಾರ್ಟ್ ಕಟ್ ಮಾಡಿದ್ಳು!”

ನನ್ನವರು ಫೋನಿಗೆ ಕೈ ಚಾಚಿದರು. ಅಷ್ಟರಲ್ಲಿ ಅತ್ತೆ ಕೇಳಿಯಾಗಿತ್ತು. “ಏನಂತೈತಿ ಕೂಸು?”

ಸುಳ್ಳು ಹೊಳೆಯಲಿಲ್ಲ. “ಕುರಿ ಗುಂಡಿಗಿ ರೀ ಅತ್ತಿ. ಪರೀಕ್ಷಾದ ಸಲುವಾಗಿ ಕೊಯ್ಯಬೇಕಾಗಿತ್ತು.”

ಅತ್ತೆ ಮುಖವನ್ನು ಫೋನಿಗೆ ಹತ್ತಿರ ತಂದರು. ಆಮೇಲೆ, “ಜಳಕಾ ಮಾಡಿಯಿಲ್ಲೊ?”

“ಮಾಡೇನ್ರಿ.”

“ಆತು ಬಿಡು.” ಸೆರಗು ಸರಿಮಾಡಿಕೊಂಡರು. “ಗುಂಡಿಗ್ಯಾಗ ವಾಲ್ವ್ ಅಂತ ಇರತೈತಂತಲ್ಲ, ಅದು ಕಂಡತೇನು?”

ನನ್ನ ಮಾವ ತೀರಿಕೊಂಡದ್ದು ನಾನು ಆ ಮನೆಗೆ ಬರುವ ಮೊದಲೇ. ಹುಬ್ಬಳ್ಳಿಯ ಡಾಕ್ಟರು ವಾಲ್ವ್ ಹೋಗಿದೆ ಅಂದಿದ್ದರಂತೆ. ಅದಕ್ಕಿಂತ ಹೆಚ್ಚು ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

“ಅವತ್ತಿಂದ ಕೇಳಬೇಕಂತ ಮಾಡೇನಿ,” ಅಂದರು ಅತ್ತೆ. “ಯಾರನ್ನ ಕೇಳಲಿ? ಗಂಡಮಕ್ಕಳು ಕಾಗದಾ ಹಿಡಕೊಂಡು ಅಡ್ಡ್ಯಾಡತಿದ್ದರು. ನಾನು ನಳದಾಗ ಕೂಡಸ್ತಾರಲ್ಲ, ಅಂಥಾ ಕಬ್ಬಿಣದ್ದು ಅನ್ಕೊಂಡಿದ್ದೆ. ಮನಷ್ಯಾನ ಮೈಯಾಗ ಅದು ಹೆಂಗ ಬಂತು ಅಂತ.”

“ಕಬ್ಬಿಣದ್ದಲ್ರಿ. ಹಾಲಿನ ಕೆನಿ ಇರತೈತಲ್ಲ, ಹಂಗ ತೆಳ್ಳಗ. ಅದರ ಅಂಚಿಗೆ ದಾರ ಹಚ್ಚಿದಂಗ ಇರತಾವು. ಒಂದ ಸಣ್ಣ ಬಾಗಲಾ ಅಂತ ತಿಳೀರಿ. ರಕ್ತ ಮುಂದ ಹೋದಮ್ಯಾಲ ಮುಚ್ಚಕೋಬೇಕು. ಮುಚ್ಚಲಿಲ್ಲಾಂದ್ರ ರಕ್ತ ಹಿಂದಕ್ಕ ಬರತೈತಿ, ದಮ್ಮು ಹತ್ತತೈತಿ.”

“ಕೆನಿಯಂಗ?” ಅಂದರು. “ಅದಕ್ಕ ಅವರಿಗೆ ಅಟ್ಟಾ ಹತ್ತಾಕ ಆಗತಿದ್ದಿಲ್ಲ. ನಾನು ಮೈಗಳ್ಳತನ ಅಂತಿದ್ದೆ.”

ಫೋನು ಕೆಳಗಿಟ್ಟರೆಂದು ಕಾಣುತ್ತದೆ. ತೆರೆಯ ಮೇಲೆ ತಿರುಗುವ ಫ್ಯಾನು ಮಾತ್ರ ಕಾಣುತ್ತಿತ್ತು. ನನ್ನವರು ನನ್ನ ಕೈಯಿಂದ ಫೋನು ತೆಗೆದುಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡರು. ಒಳಗೆ ಬಂದಾಗ ಅವರ ಕಣ್ಣುಗಳು ಕೆಂಪಾಗಿದ್ದವು. ನಾನು ಬರೆದಿದ್ದ ಚಿತ್ರವನ್ನು ಬಹಳ ಹೊತ್ತು ನೋಡಿದರು.

ಪ್ರಾಕ್ಟಿಕಲ್ ಪಾಸಾದೆ. ವಿಶ್ವವಿದ್ಯಾಲಯಕ್ಕೆ ಅರ್ಜಿ ಹೋಯಿತು. ಉತ್ತರಕ್ಕಾಗಿ ಕಾಯುವುದು ಪರೀಕ್ಷೆಗಿಂತ ಕಷ್ಟವಾಯಿತು. ಅಡುಗೆಯ ನಡುವೆ ಕೈ ಒರೆಸಿಕೊಂಡು ಮೊಬೈಲು ನೋಡುತ್ತಿದ್ದೆ. ಬಂದದ್ದು ಬೇರೆಯೇ ಸುದ್ದಿ. ಒಂದು ಗುರುವಾರ ನನ್ನವರು ಕ್ಯಾಂಪಿನಿಂದ ತಮ್ಮ ಎಲ್ಲ ಸಾಮಾನಿನೊಂದಿಗೆ ಮನೆಗೆ ಬಂದರು. ಪ್ರಾಜೆಕ್ಟು ಮುಗಿದಿತ್ತು, ಕಂಪನಿ ಮುಂದುವರಿಸುವುದಿಲ್ಲ ಅಂದಿತ್ತು. ಅವರ ವೀಸಾದ ಮೇಲೆ ನನ್ನ ಮತ್ತು ಮಗಳ ವೀಸಾ ನಿಂತಿತ್ತು.

ಮರುದಿನ ಜೋಳದ ಹಿಟ್ಟು ತರಲು ದೋಹಾ ಅಲ್ ಜದೀದಾಕ್ಕೆ ಹೋದೆವು. ಅಂಗಡಿ ಮುಂದೆ ಕಾರು ನಿಂತಿತು, ಇಬ್ಬರೂ ಇಳಿಯಲಿಲ್ಲ.

“ಒಮಾನಿನ್ಯಾಗ ಒಂದು ಕೆಲಸ ಐತಿ. ಇದ ಕೆಲಸ, ಇದ ಪೊಸಿಷನ್ನು,” ಅಂದರು.

“ನನ್ನ ಸೀಟು?”

“ಇನ್ನ ಬಂದೇ ಇಲ್ಲಲ್ಲ.”

“ಬಂದ್ರ?”

“ಊರಾಗೂ ಕಾಲೇಜ ಅದಾವು.”

“ಊರಾಗ ಮತ್ತ ಮೊದಲನೇ ವರ್ಷದಾಗ ಕುಂದರಬೇಕು. ನಾ ಕುಂದರೂದಿಲ್ಲ,” ಅಂದೆ. ನನ್ನ ದನಿ ನನಗೇ ದೊಡ್ಡದೆನಿಸಿತು. ಹಿಂದಿನ ಸೀಟಿನಲ್ಲಿ ಮಗಳು ಹಾಡುವುದನ್ನು ನಿಲ್ಲಿಸಿದಳು. ಅವರು ಇಳಿದು ಅಂಗಡಿಗೆ ಹೋದರು, ಹಿಟ್ಟಿನ ಚೀಲ ಹೊತ್ತು ಬಂದರು. ಚೀಲ ಡಿಕ್ಕಿಯಲ್ಲಿಟ್ಟು ಮನೆಯ ಕಡೆ ಕಾರು ತಿರುಗಿಸಿದರು.

ಮುಂದಿನ ದಿನಗಳಲ್ಲಿ ಅವರು ಬೆಳಿಗ್ಗೆಯೇ ಇಸ್ತ್ರಿ ಅಂಗಿ ತೊಟ್ಟು ಹೊರಡುತ್ತಿದ್ದರು, ಎಲ್ಲಿಗೆಂದು ಹೇಳುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ. ಈಗ ನಾವಿಬ್ಬರೂ ಆ ಫ್ಲಾಟಿನಲ್ಲಿ ಕೂರಲಾಗದವರು. ಸೀಟು ಸಿಕ್ಕಿದೆ ಎಂಬ ಮೇಲ್ ಬಂದಾಗ ಅವರು ಹೊರಗಿದ್ದರು. ಓದಿದೆ, ಮೊಬೈಲು ಮಗುಚಿಟ್ಟೆ. ಸಂಜೆ ಅವರು ಬಂದ ಮೇಲೆ ಹೇಳಿದೆ. ಶೂ ಬಿಚ್ಚುತ್ತಿದ್ದವರು ಬಗ್ಗಿಕೊಂಡೇ ಹೇಳಿದರು: “ಇಲ್ಲೇ ಒಂದು ಮಾಲ್‌ನ್ಯಾಗ ಎ.ಸಿ. ಮೆಂಟೆನನ್ಸ್ ಸಿಕ್ಕೈತಿ. ಸೂಪರ್‌ವೈಸರ್ ಅಲ್ಲ. ಟೆಕ್ನಿಷಿಯನ್. ವೀಸಾ ಬದಲಿ ಮಾಡ್ತಾರಂತ.”

“ನನ್ನ ಸಲುವಾಗಿ ಇಳಿದ್ರೇನ್ರಿ?”

“ಎಲ್ಲಾ ನಿನ್ನ ಸಲುವಾಗೇನು? ನನಗೂ ಕ್ಯಾಂಪಿನ ಊಟ ಸಾಕಾಗಿತ್ತು.” ಶೂ ಮೂಲೆಗಿಟ್ಟರು. “ಅವ್ವಗ ನೀನ ಹೇಳು. ಸೀಟಿನ ಸುದ್ದಿ ಅಷ್ಟ ಹೇಳು.”

ಈಗ ನಾಲ್ಕನೇ ವರ್ಷ ಓದುತ್ತಿದ್ದೇನೆ. ಗೆಳತಿಯೂ ಅದೇ ವಿಶ್ವವಿದ್ಯಾಲಯದಲ್ಲಿದ್ದಾಳೆ, ಆದರೆ ಟೀಚರಾಗುವ ಕೋರ್ಸು ಹಿಡಿದಳು. ಕ್ಯಾಂಟೀನಿನಲ್ಲಿ ಸಿಗುತ್ತಾಳೆ. ನನ್ನವರು ಪಾಳಿಯ ಮೇಲೆ ಕೆಲಸ ಮಾಡುತ್ತಾರೆ. ಕೆಲವು ದಿನ ನಾನು ಹೊರಡುವಾಗ ಅವರು ಬರುತ್ತಾರೆ, ಬಾಗಿಲಲ್ಲಿ ಮಗಳ ಟಿಫಿನ್ ಡಬ್ಬಿ ಕೈ ಬದಲಾಗುತ್ತದೆ. ಹಳೆಯ ಸಹೋದ್ಯೋಗಿಗಳು ಸಿಕ್ಕರೆ ಈಗೆಲ್ಲಿ ಎಂಬ ಪ್ರಶ್ನೆಗೆ ಅವರು ಮಾತು ತೇಲಿಸುವುದನ್ನು ನೋಡಿದ್ದೇನೆ. ಆಗ ನನಗೆ ಎಲ್ಲಿ ನೋಡಬೇಕೋ ತಿಳಿಯುವುದಿಲ್ಲ.

ಮೊನ್ನೆ ರಜೆಯ ದಿನ ರೊಟ್ಟಿ ಬಡಿಯುತ್ತಿದ್ದೆ. ಅವರು ಪಕ್ಕದಲ್ಲಿ ನಿಂತು ಬೇಯಿಸುತ್ತಿದ್ದರು.

“ಡಿಗ್ರಿ ಆದಮ್ಯಾಲ ಏನ್ ಮಾಡ್ತಿ?” ಎಂದು ಕೇಳಿದರು.

“ಆಸ್ಪತ್ರಿ ಲ್ಯಾಬೊ, ಎಂ.ಎಸ್ಸಿ.ಯೊ… ಗೊತ್ತಿಲ್ರಿ.”

“ಗೊತ್ತಿಲ್ಲದ ಇಷ್ಟು ಓಡಾಕತ್ತೀಯಾ?”

“ಹೌದ್ರಿ.”

ಅವರು ರೊಟ್ಟಿ ತಿರುವಿ ಹಾಕಿದರು. “ಹಂಗಾರ ಎಂ.ಎಸ್ಸಿ. ಎಲ್ಲೆಲ್ಲಿ ಐತಿ ಅಂತ ಈಗ ನೋಡಿಟ್ಟುಕೋ,” ಅಂದರು.