ಎದುರಾಳಿ ಬೆಂಚಿನತ್ತ ನಡೆದವನು

ನಾನು ಅವನನ್ನು ಮೊದಲು ನೋಡಿದ್ದೇ ಅವನ ಕೊನೆಯ ಆಟದಲ್ಲಿ. ಅಲ್ಲಿ, ಕೆನಡಾದ ಯಾವುದೋ ಊರಿನಲ್ಲಿ, ಹಿಮ ಬೀಳುತ್ತಿತ್ತು. ಇಲ್ಲಿ, ಮರಳೂರಿನ ಬಾಡಿಗೆ ಮನೆಯ ಮಹಡಿಯಲ್ಲಿ, ಬೆಳಗ್ಗೆ ಹನ್ನೊಂದು ಗಂಟೆಗೆ ನಾನು ಪರದೆ ಎಳೆದುಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ.

ನನ್ನದು ಗುರುತು ಹಾಕುವ ಕೆಲಸ. ಕಂಪನಿಯವರು ಒಬ್ಬನೇ ಆಟಗಾರನ ಆಟದ ತುಣುಕುಗಳನ್ನು ಕಳಿಸುತ್ತಿದ್ದರು, ಒಂದೊಂದೂ ಅರ್ಧ ನಿಮಿಷದ್ದು. ಚೆಂಡು ಅವನ ಕೈಗೆ ಬಂದ ಕ್ಷಣ, ಕೈಬಿಟ್ಟ ಕ್ಷಣ, ಅವನು ಬಿದ್ದ ಕ್ಷಣ, ಎದ್ದ ಕ್ಷಣ, ಇಷ್ಟನ್ನು ಗುರುತಿಸಬೇಕು. ಬಿದ್ದವನು ಹತ್ತು ಸೆಕೆಂಡಿನೊಳಗೆ ಎದ್ದರೆ ‘ಸರಿ’ ಎಂಬ ಗುಂಡಿ ಒತ್ತಬೇಕು, ತಡವಾದರೆ ‘ಗಮನಿಸಿ’. ಯಾಕೆ, ಯಾರಿಗಾಗಿ ಎಂದು ಅವರು ಹೇಳಲಿಲ್ಲ. ತಿಂಗಳಿಗೆ ಸರಿಯಾಗಿ ಸಂಬಳ ಬರುತ್ತಿತ್ತು, ನಾನೂ ಕೇಳಲಿಲ್ಲ.

ಮೊದಮೊದಲು ಆ ಆಟದ ತಲೆಬುಡ ನನಗೆ ಗೊತ್ತಾಗಲಿಲ್ಲ. ಹೆಸರು ಫುಟ್‌ಬಾಲ್, ಆಡುವುದು ಕೈಯಲ್ಲಿ. ಕಡೆಗೊಂದು ತಂಡದಂತೆ ಹನ್ನೆರಡು ಹನ್ನೆರಡು ಜನ. ಬಗ್ಗಿ ನಿಂತವನೊಬ್ಬ ಕಾಲ ಸಂದಿಯಿಂದ ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ. ಅದನ್ನು ಹಿಡಿಯುವವನು ಕ್ವಾರ್ಟರ್‌ಬ್ಯಾಕ್. ಚೆಂಡನ್ನು ಯಾರಿಗೆ ಎಸೆಯಬೇಕು ಎಂದು ಅವನು ಮೂರು ನಾಲ್ಕು ಸೆಕೆಂಡಿನಲ್ಲಿ ತೀರ್ಮಾನಿಸಬೇಕು, ಅಷ್ಟರಲ್ಲಿ ಕೋಣಗಳಂಥ ಆಳುಗಳು ಅವನನ್ನು ಕೆಡವಲು ನುಗ್ಗುತ್ತಾರೆ. ನಾನು ನೋಡುತ್ತಿದ್ದವನು ಅದನ್ನೇ ಹದಿಮೂರು ವರ್ಷ ಹೊಟ್ಟೆಪಾಡು ಮಾಡಿಕೊಂಡಿದ್ದ. ಆ ಹದಿಮೂರೂ ವರ್ಷ ನನ್ನ ಪಾಲಿಗೆ ಬಂದಿದ್ದವು, ಅದೂ ಹಿಂದುಮುಂದಾಗಿ. ಕೊನೆಯ ವರ್ಷ ಮೊದಲು, ಮೊದಲ ವರ್ಷ ಕೊನೆಗೆ. ಜೋಡಿಸಿದ ಪುಣ್ಯಾತ್ಮನಿಗೆ ಏನು ಅವಸರವಿತ್ತೋ ಏನೋ.

ಆ ಕೊನೆಯ ಆಟದಲ್ಲಿ ಅವನು ಬಿದ್ದ. ಆರು ಸೆಕೆಂಡಿಗೆ ಎದ್ದ. ಹೆಲ್ಮೆಟ್ ಸರಿಮಾಡಿಕೊಂಡು ಬಲ ಅಂಗೈಯನ್ನು ಮುಖದ ಹತ್ತಿರ ತಂದು, ಅದು ಬೇರೆ ಯಾರದೋ ಕೈ ಎನ್ನುವಂತೆ ನೋಡಿದ. ಆಮೇಲೆ ಹಿಮದಲ್ಲಿ ನೆಟ್ಟಗೆ ನಡೆದು ಎದುರಾಳಿಗಳ ಬೆಂಚಿನ ಮೇಲೆ ಕೂತುಬಿಟ್ಟ. ಅಲ್ಲಿದ್ದವರು ಸರಿದು ಜಾಗ ಕೊಟ್ಟರು. ನಾನು ‘ಸರಿ’ ಒತ್ತಿದೆ. ಆರು ಸೆಕೆಂಡು ಅಂದರೆ ಸರಿಯೇ ತಾನೆ.

ಆಮೇಲಿನ ಮೂರು ತಿಂಗಳಲ್ಲಿ ಅವನು ನನ್ನ ಕಣ್ಣೆದುರೇ ದಿನದಿಂದ ದಿನಕ್ಕೆ ಚಿಕ್ಕವನಾಗುತ್ತಾ ಹೋದ. ಗಡ್ಡದ ಬಿಳಿ ಹೋಯಿತು, ಗಡ್ಡವೇ ಹೋಯಿತು. ಅಂಗಿಯ ಬಣ್ಣ ಎರಡು ಸಲ ಬದಲಾಯಿತು. ಕುಂಟುತ್ತಿದ್ದ ಮಂಡಿ ಒಂದು ಬೆಳಗ್ಗೆ ನೆಟ್ಟಗಾಯಿತು. ಬಿದ್ದಾಗಲೆಲ್ಲ ಅಂಗೈ ನೋಡಿಕೊಳ್ಳುವುದು ಮಾತ್ರ ಹೋಗಲಿಲ್ಲ. ತುಣುಕುಗಳಿಗೆ ಸದ್ದಿರಲಿಲ್ಲ. ಅವನು ನೆಲಕ್ಕೆ ಬೀಳುವ ಹೊತ್ತಿಗೆ ಸರಿಯಾಗಿ ಕೆಳಗಿನ ಮನೆಯ ಕುಕ್ಕರ್ ಕೂಗುತ್ತಿತ್ತು. ಒಂದು ದಿನ ಆದರೆ ನಕ್ಕು ಸುಮ್ಮನಾಗಬಹುದು. ಮೂರನೆಯ ದಿನವೂ ಹಾಗೇ ಆದಾಗ ನಾನು ಕಿಟಕಿ ಮುಚ್ಚಿಕೊಂಡೆ.

ಆಗಲೇ ನನ್ನ ತಮ್ಮನ ವಿಷಯ ಶುರುವಾಗಿದ್ದು. ಅವನು ಗುಬ್ಬಿ ಹತ್ತಿರದ ನಮ್ಮ ಊರಲ್ಲಿ ಅಮ್ಮನ ಜೊತೆ ಇದ್ದಾನೆ, ಕೊಬ್ಬರಿ ಪುಡಿ ಮಾಡುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಆಗ ಭಾನುವಾರ ಬಂದರೆ ಕಬಡ್ಡಿ. ಅವನು ರೈಡ್ ಹೋದರೆ ಸುತ್ತಲಿನವರು ಶಿಳ್ಳೆ ಹೊಡೆಯುತ್ತಿದ್ದರು, ಅಕ್ಕನಾದ ನಾನೂ ಹೊಡೆದಿದ್ದೇನೆ. ಕುಣಿಗಲ್‌ನ ಶಾಲೆಯೊಂದರ ಮೈದಾನದಲ್ಲಿ ನಡೆದ ಮ್ಯಾಚಿಗೂ ಹೋಗಿದ್ದೆ. ಮಧ್ಯಾಹ್ನದ ಬಿಸಿಲು. ರೈಡ್ ಹೋದವನನ್ನು ನಾಲ್ವರು ಸೇರಿ ಕೆಡವಿದರು, ತಲೆ ನೆಲಕ್ಕೆ ಬಡಿಯಿತು. ಅಭ್ಯಾಸಬಲ, ನಾನು ಎಣಿಸತೊಡಗಿದೆ. ಏಳಕ್ಕೆ ಎದ್ದ.

ಔಟಾದವನು ಅಂಕಣದಿಂದ ಹೊರಗೆ ಬರಬೇಕು. ಅವನು ಬರಲಿಲ್ಲ. ಬಲ ಅಂಗೈಯನ್ನು ಮುಖದ ಹತ್ತಿರ ತಂದು ನೋಡಿದ. ಆಮೇಲೆ ಆ ಕಡೆಯ ಆಟಗಾರರು ಕೈಕೈ ಹಿಡಿದು ಸರಪಳಿಯಾಗಿ ನಿಂತಿದ್ದರಲ್ಲ, ಅವರ ಸಾಲಿಗೆ ಹೋಗಿ, ತುದಿಯಲ್ಲಿದ್ದವನ ಕೈ ಹಿಡಿದುಕೊಂಡು ನಿಂತ. ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತು, ಇವನ ತರಲೆ ಇದ್ದದ್ದೇ ಎಂದು. ಆ ಅಂಗೈ ನೋಡುವುದನ್ನು ನಾನು ಬೆಳಗ್ಗೆಯಷ್ಟೇ ನೋಡಿ ಬಂದಿದ್ದೆ.

ಊರ ಮನೆಗೆ ಬಂದು, ಇವನನ್ನು ಆಸ್ಪತ್ರೆಗೆ ತೋರಿಸೋಣ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಅವನನ್ನು ಬಾಗಿಲಲ್ಲಿ ಕೂರಿಸಿ, ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ಮೂರು ಸಲ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಕರಿಕಲಾಯಿತು, ಯಾರೂ ಕೆಮ್ಮಲಿಲ್ಲ.

“ನೋಡು, ಒಂಚೂರಾದ್ರೂ ಘಾಟು ಬಂತಾ? ಅಷ್ಟು ದೃಷ್ಟಿ ಬಿದ್ದಿತ್ತು ಮಗೀಗೆ. ಎಲ್ಲಾ ಹೋಯ್ತು ಬುಡು,” ಎಂದರು.

ಘಾಟು ಬರದಿದ್ದರೆ ದೃಷ್ಟಿ ಇತ್ತು, ಈಗ ಹೋಯಿತು ಎಂದು ಲೆಕ್ಕ. ಎಂ.ಕಾಂ. ಓದಿದ ನಾನು ಅದಕ್ಕೆ ತಲೆಯಾಡಿಸಿದೆ. ನಿಜ ಹೇಳಬೇಕೆಂದರೆ ನನಗೂ ಹಾಗೇ ಇರಲಿ ಎಂದು ಆಸೆಯಿತ್ತು. ಮುಂದಿನ ಭಾನುವಾರ ಹುತ್ರಿದುರ್ಗದ ಕಡೆ ಮ್ಯಾಚಿದೆ, ಆಡ್ಲಾ ಅಕ್ಕ ಎಂದು ಅವನು ಕೇಳಿದಾಗ, ಸರಿ ಎಂದೂ ಹೇಳಿಬಿಟ್ಟೆ. ಇವತ್ತಿಗೂ ಆ ಮಾತಿಗೆ ನನ್ನನ್ನು ನಾನು ಕ್ಷಮಿಸಿಲ್ಲ.

ಆ ವಾರವೇ ಕೆನಡಾದವನ ಮೊದಲ ಆಟದ ತುಣುಕುಗಳು ಬಂದವು. ಹೊಸ ಹುಡುಗ. ಸೀಸನ್ನಿಡೀ ಬೆಂಚು ಕಾಯ್ದವನು ಮೊದಲ ಸಲ ಒಳಗೆ ಬಂದಿದ್ದ, ಅಂಗಿಗಿನ್ನೂ ಮಣ್ಣು ತಾಗಿರಲಿಲ್ಲ. ಮೊದಲ ಚೆಂಡು ಸೊಗಸಾಗಿ ಎಸೆದ. ಎರಡನೆಯದು ಕೈಬಿಡುವ ಮುಂಚೆಯೇ ಪಕ್ಕದಿಂದ ಏಟು ಬಿತ್ತು. ಏಳಕ್ಕೆ ಎದ್ದ. ನಗುತ್ತಲೇ ಎದ್ದ. ನಗುತ್ತಲೇ ಅಂಗೈ ನೋಡಿಕೊಂಡ. ಅಂದರೆ ಮೊದಲ ದಿನವೇ ಶುರುವಾಗಿತ್ತು. ಹದಿಮೂರು ವರ್ಷವೂ ಯಾರೋ ಒಬ್ಬರು ಸರಿ, ಸರಿ ಎನ್ನುತ್ತಲೇ ಬಂದಿದ್ದರು, ಕೊನೆಯವಳು ನಾನು. ಕಿಟಕಿ ಮುಚ್ಚಿತ್ತು, ಆದರೂ ಕುಕ್ಕರ್ ಕೂಗಿದ್ದು ಕೇಳಿಸಿತು. ನಾನು ಗುಂಡಿ ಒತ್ತಲಿಲ್ಲ. ಈ ಮನುಷ್ಯ ಈಗ ಹೇಗಿದ್ದಾನೆ ಎಂದು ಮೇಲಿನವರಿಗೆ ಬರೆದು ಕೇಳಿದೆ. ಹತ್ತು ಸೆಕೆಂಡಿನ ನಿಯಮ ಪಾಲಿಸಿ ಎಂದು ಉತ್ತರ ಬಂತು.

ಶನಿವಾರ ಮಧ್ಯಾಹ್ನ ತಮ್ಮ ಮ್ಯಾಚಿನ ಬ್ಯಾಗು ಹಿಡಿದು ಮರಳೂರಿನ ನನ್ನ ಮನೆಗೆ ಬಂದ. ಇಲ್ಲಿ ಉಳಿದು ಬೆಳಗ್ಗೆ ಹೊರಡುವುದೆಂದು ಮಾತಾಗಿತ್ತು. ಅವನು ಕೈಕಾಲು ತೊಳೆಯಲು ಹೋದಾಗ ನಾನು ಬ್ಯಾಗನ್ನು ಅಟ್ಟದ ಮೇಲೆ, ಹಳೆಯ ಹಾಸಿಗೆಯ ಹಿಂದೆ ತುರುಕಿದೆ. ಕೇಳಿದರೆ ಜಗಳಕ್ಕೆ ತಯಾರಾಗಿಯೇ ಇದ್ದೆ. ಬೈಯಲಿ, ಒಂದು ವರ್ಷ ಮಾತು ಬಿಡಲಿ, ಕಳಿಸುವುದಿಲ್ಲ ಎಂದು ಹಟ ತೊಟ್ಟಿದ್ದೆ.

ಬಾಯಿಮಾತಿಗೆ ಅವನು ಬಗ್ಗುವವನಲ್ಲ. ಹಾಗಾಗಿ ತುಣುಕುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಿ ಇಟ್ಟಿದ್ದೆ. ಮುದ್ದೆ, ಬಸ್ಸಾರು ಬಡಿಸಿ ಲ್ಯಾಪ್‌ಟಾಪನ್ನು ಅವನೆದುರಿಗಿಟ್ಟೆ. ಅವನು ಊಟ ಮಾಡುತ್ತಾ ನೋಡಿದ. ಹುಡುಗ ಗಂಡಸಾದ, ಗಡ್ಡ ಬಂತು, ಮಂಡಿ ಕುಂಟಿತು, ಗಡ್ಡ ನರೆಯಿತು. ಬೀಳುವುದು, ಏಳುವುದು, ಅಂಗೈ ನೋಡುವುದು. ತಮ್ಮನ ತುತ್ತು ಕೈಯಲ್ಲೇ ಒಣಗುತ್ತಿತ್ತು. ಕೊನೆಗೆ ಹಿಮ ಬಂತು. ಬೀಳುವ ಹಿಮಕ್ಕೆ ಹೆಲ್ಮೆಟ್ಟಿನೊಳಗಿನ ಮುಖ ಕಾಣದ ಆ ಮನುಷ್ಯ ಎದ್ದು, ನಡೆದು, ಎದುರಾಳಿಗಳ ನಡುವೆ ಕೂತ.

ತಮ್ಮ ಲ್ಯಾಪ್‌ಟಾಪಿನ ಹತ್ತಿರ ಬಾಗಿದ. ಬಹಳ ಹೊತ್ತು ನೋಡಿದ.

“ಅಕ್ಕ, ಇದ್ಯಾವ ಮ್ಯಾಚು? ನಾನು ಆಡಿದ್ದು ನಂಗೇ ಗ್ಯಾಪಕ ಇಲ್ವಲ್ಲ,” ಎಂದ.

ತಮಾಷೆ ಮಾಡುತ್ತಿದ್ದಾನೆ, ಈಗ ನಗುತ್ತಾನೆ ಎಂದು ಕಾದೆ. ಹತ್ತು ಎಣಿಸಿದೆ. ಇಪ್ಪತ್ತು ಎಣಿಸಿದೆ. ಅವನು ಎಂಜಲು ಕೈಯನ್ನೇ ಮುಖದ ಹತ್ತಿರ ತಂದು ನೋಡಿಕೊಳ್ಳುತ್ತಿದ್ದ. ನಾನು ಆ ಕೈ ಹಿಡಿದು ಬಚ್ಚಲಿಗೆ ಕರೆದುಕೊಂಡು ಹೋಗಿ ತೊಳೆದೆ. ಚಿಕ್ಕವನಿದ್ದಾಗ ತೊಳೆಯುತ್ತಿದ್ದ ಹಾಗೆಯೇ ತೊಳೆದೆ, ಅಳು ತಡೆಯಲಾಗಲಿಲ್ಲ.

ಸೋಮವಾರ ಆಸ್ಪತ್ರೆಗೆ ಕರೆದೊಯ್ದೆ, ಅಲ್ಲಿಂದಾಚೆಗೆ ಔಷಧಿ, ಸ್ಕ್ಯಾನು ಎಲ್ಲ ನಡೆದೇ ಇವೆ. ಆದರೆ ನನಗೆ ನೆನಪಿರುವುದು ನಡುವಿನ ಆ ಭಾನುವಾರ. ಬೆಳಗ್ಗೆಯಿಂದ ಅಟ್ಟದ ಏಣಿಯ ಹತ್ತಿರವೇ ಕೂತು ಸೊಪ್ಪು ಸೋಸಿದೆ. ಅವನು ತಿಂಡಿ ತಿಂದ, ಪೇಪರ್ ಓದಿದ, ಮಧ್ಯಾಹ್ನ ಮಲಗಿದ. ಜಗಳವಾಡಲಿ ಎಂದು ದೇವರಲ್ಲಿ ಬೇಡಿಕೊಂಡೆ. ಸಂಜೆಯಾದರೂ ಅವನು ಬ್ಯಾಗು ಎಲ್ಲಿ ಎಂದು ಕೇಳಲಿಲ್ಲ.