ಡಾಕ್ಟರಮ್ಮನ ಲೆಕ್ಕಕ್ಕೆ ಸಿಗದವರು

ಡಾಕ್ಟರಮ್ಮನ ಬಲಗಿವಿ ಎಡಗಿವಿಗಿಂತ ಕೆಂಪಗಿರುತ್ತಿತ್ತು. ಎದುರಿಗೆ ಕೂತವರು ಮಾತಾಡುತ್ತಿದ್ದರೆ ಆ ಕಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತಾ ಕೇಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅದು ದಾಳಿಂಬೆ ಬಣ್ಣಕ್ಕೆ ತಿರುಗಿದ್ದರೆ, ಇವತ್ತು ಜನ ಜಾಸ್ತಿ ಎಂದು ವರಾಂಡದ ಬೆಂಚಿನ ಮೇಲಿದ್ದ ನಾವೇ ತೀರ್ಮಾನಿಸುತ್ತಿದ್ದೆವು. ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಆಕೆ ಮನೋವೈದ್ಯೆ. ನಮ್ಮ ಬಾಯಿಗೆ ಆ ಪದ ದೊಡ್ಡದಾಯಿತು, ಡಾಕ್ಟರಮ್ಮ ಎಂದರೆ ಸಾಕಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನನ್ನ ಅಣ್ಣ ಲೇತ್ ಮಷೀನಿನಲ್ಲಿ ಕೈ ಜಜ್ಜಿಕೊಂಡು, ನೋವಿಗೆಂದು ಹಾಕಿಸಿಕೊಂಡ ಇಂಜೆಕ್ಷನ್ನಿಗೇ ಗಂಟುಬಿದ್ದಿದ್ದ. ಕೈ ವಾಸಿಯಾಯಿತು, ಸೂಜಿ ಬಿಡಲಿಲ್ಲ. ದಾವಣಗೆರೆ ಪಕ್ಕದ ಬಾತಿ ಊರಿನ ನಮ್ಮ ಮನೆಯಲ್ಲಿ ಅವ್ವ ಮಾಡಿಸದ ಆಣೆ ಇರಲಿಲ್ಲ. ವಿಭೂತಿ ಮುಟ್ಟಿಸಿದಳು, ಲಿಂಗ ಮುಟ್ಟಿಸಿದಳು, ಕಡೆಗೆ ತನ್ನ ತಲೆಯ ಮೇಲೇ ಅವನ ಕೈ ಇಡಿಸಿಕೊಂಡಳು. ಆಣೆ ಮುರಿದಾಗಲೆಲ್ಲ ಅಣ್ಣ ಮನೆ ಕಡೆ ತಲೆ ಹಾಕುತ್ತಿರಲಿಲ್ಲ. ಎಲ್ಲೋ ಬಿದ್ದು ಸತ್ತೇ ಹೋಗುತ್ತಾನೆ ಎಂದು ನಾವು ಹೆದರಿ ಸಾಯುತ್ತಿದ್ದೆವು.

ಮೊದಲ ದಿನವೇ ಡಾಕ್ಟರಮ್ಮ ಅವ್ವನಿಗೆ ಹೇಳಿದ್ದರು: "ಇನ್ಮೇಲೆ ಆಣೆ ಬ್ಯಾಡ್ರಿ ಅಮ್ಮ. ಸಕ್ಕರೆ ಕಾಯಿಲೆಯೋರಿಗೆ ಆಣೆ ಮಾಡಿಸ್ತೀರೇನು? ತಪ್ಪಿದ ದಿನಾನೇ ಇವ್ರು ಮೊದ್ಲು ಬರ್ಬೇಕು. ಆಣೆ ಮಾಡಿದೋರು ಬರಲ್ಲ, ಓಡಿ ಹೋಗ್ತಾರೆ."

ಆಗ ಅವರು ಒಂದು ಸಂಶೋಧನೆಯಲ್ಲಿ ತೊಡಗಿದ್ದರು. ಅಮಲೆಲ್ಲ ಮೈಯಿಂದ ಇಳಿದ ಮೇಲೆ ಒಂದು ಮಾತ್ರೆ ಕೊಡುತ್ತಿದ್ದರು. ಅದನ್ನು ನುಂಗಿದವರು ಮತ್ತೆ ಚುಚ್ಚಿಕೊಂಡರೂ ಅಮಲೇರುವುದಿಲ್ಲವಂತೆ. ನಮ್ಮ ಕಡೆಯ ಜನರಿಗೆ ಅದು ಎಷ್ಟು ನೆರವಾಗುತ್ತದೆ ಎಂದು ನೋಡಬೇಕಿತ್ತು. ಒಪ್ಪಿದವರಲ್ಲಿ ಅರ್ಧ ಜನಕ್ಕೆ ಅಸಲಿ ಮಾತ್ರೆ, ಉಳಿದವರಿಗೆ ನೋಡಲು ಹಾಗೇ ಇರುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ಕೊಡುವ ಡಾಕ್ಟರಮ್ಮನಿಗೂ ಗೊತ್ತಿಲ್ಲ. ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿಯೇ ಅಣ್ಣನನ್ನು ಸೇರಿಸಿಕೊಂಡರು. ಮನೆಯಲ್ಲಿ ಮಾತ್ರೆ ನುಂಗಿಸುವ ಹೊಣೆ ಅವ್ವನದು.

ಅವ್ವನಿಗೆ ಅಂದಿನಿಂದ ಒಂದೇ ಕೊರಗು. "ನನ್ನ ಮಗನ ಪಾಲಿಗೆ ಜೊಳ್ಳು ಬಂದಿದ್ರೆ ಹೆಂಗೆ?" ಬೆಂಚಿನ ಮೇಲೆ ಅವಳ ಪಕ್ಕ ಕೂರುತ್ತಿದ್ದ ಹರಿಹರದ ತಾಯಿಯೊಬ್ಬಳಿಗೂ ಅದೇ ಕೊರಗು. ಆಕೆಯ ಮಗ ಲಾರಿ ಡ್ರೈವರ್, ದೂರದ ದಾರಿಗಳಲ್ಲಿ ಅಫೀಮು ಕಲಿತವನು. ಇಬ್ಬರೂ ಎಲೆಯಡಿಕೆ ಚೀಲ ಬಿಚ್ಚಿ, ಹಂಚಿಕೊಂಡು, ಕೆಲವೇ ವಾರಗಳಲ್ಲಿ ಒಡಹುಟ್ಟಿದವರಂತಾದರು.

ಒಂದು ದಿನ ಡಾಕ್ಟರಮ್ಮ ಉಳಿದ ಮಾತ್ರೆ ತೋರಿಸಿ ಎಂದರು. ಅವ್ವ ಪೊಟ್ಟಣ ಬಿಚ್ಚಿದಳು. ಒಂದೂ ಇಡಿಯಾಗಿರಲಿಲ್ಲ. ಎಲ್ಲ ಅರ್ಧರ್ಧ, ಅಂಚಿಗೆ ಅಡಿಕೆಯ ಪುಡಿ ಬೇರೆ.

"ಇದೇನ್ರಿ ಅಮ್ಮ?"

"ಅಡಕತ್ತರೀಲಿ ಕತ್ತರಿಸಿದ್ವಿ. ನಮ್ಮದ್ರಾಗೆ ಅರ್ಧ ಹರಿಹರದೋರಿಗೆ, ಅವ್ರದ್ರಾಗೆ ಅರ್ಧ ನಮಗೆ. ಅಸಲಿ ಯಾರ ಪಾಲಿಗೆ ಬಂದಿದ್ರೂ ಇಬ್ರ ಮಕ್ಕಳೂ ಉಳೀಲಿ ಅಂತ." ಅವ್ವ ಇದನ್ನು ಹೇಳಿದ ಠೀವಿ ನೋಡಬೇಕಿತ್ತು, ಊರಿಗೆ ಕೆರೆ ಕಟ್ಟಿಸಿದವಳ ಹಾಗೆ.

ಡಾಕ್ಟರಮ್ಮ ಮೊದಲು ನಕ್ಕುಬಿಟ್ಟರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಇಬ್ರನ್ನೂ ಸಂಶೋಧನೆಯಿಂದ ಬಿಡಬೇಕಾಗ್ತೈತೆ" ಎಂದರು.

"ಯಾರಿಗೂ ಹೇಳಬ್ಯಾಡ್ರಿ ತಾಯಿ. ಇಡೀ ಮಾತ್ರೆ ನುಂಗಿಸಿದ್ರು ಅಂತ ಬರಕೊಂಡ್ಬಿಡ್ರಿ."

"ಹಂಗೆ ಬರೆದ್ರೆ ಈ ಔಷಧಿ ಕೆಲಸ ಮಾಡ್ತೈತೋ ಇಲ್ವೋ ಅನ್ನೋದೇ ಸುಳ್ಳಾಗ್ತೈತೆ. ನಾಳೆ ಅದನ್ನ ನಂಬಿ ಇನ್ಯಾರೋ ತಾಯಿ ಮಗನಿಗೆ ನುಂಗಿಸ್ತಾಳೆ. ಆಕೆಗೆ ನಾನೇನು ಹೇಳ್ಲಿ?"

ಮಗನನ್ನು ಕೈಯಾರೆ ಕೊಂದೆ ಎಂದುಕೊಂಡು ಅವ್ವ ನೆಲಕ್ಕೆ ಕುಸಿದಳು. ಡಾಕ್ಟರಮ್ಮ ಮೇಜು ಬಳಸಿ ಬಂದು, ಗಂಜಿ ಹಾಕಿದ ಸೀರೆಯಲ್ಲೇ ಅವಳ ಪಕ್ಕ ನೆಲದ ಮೇಲೆ ಕೂತರು. ಅವಳ ಕೈ ಹಿಡಿದುಕೊಂಡು, "ಸಂಶೋಧನೆಯಿಂದ ಬಿಟ್ಟೆ, ನಾನು ಬಿಡ್ಲಿಲ್ಲ" ಎಂದರು. "ಇಷ್ಟು ದಿನ ಏನು ಕೊಡ್ತಿದೀನಿ ಅಂತ ನನಗೂ ಗೊತ್ತಿರ್ಲಿಲ್ಲ. ಇನ್ಮೇಲೆ ಗೊತ್ತಿದ್ದೇ ಕೊಡ್ತೀನಿ. ಇಬ್ರಿಗೂ ಅಸಲಿ, ಇಡೀ ಮಾತ್ರೆ."

ಮೇಲಿನವರಿಂದ ಅವರು ಚೆನ್ನಾಗಿ ಬೈಸಿಕೊಂಡರೆಂದು ಆಮೇಲೆ ನರ್ಸ್ ಹೇಳಿದರು. ಡಾಕ್ಟರಮ್ಮ ನಮ್ಮೆದುರು ಅದರ ಸುದ್ದಿಯನ್ನೇ ಎತ್ತಲಿಲ್ಲ. ಹೊಸದಾಗಿ ಬಂದ ಮನೆಯವರಿಗೆ ಮಾತ್ರ, ಎಲ್ಲ ವಿವರಿಸಿದ ಮೇಲೆ, "ಅಡಕತ್ತರಿ ಮನೇಲೇ ಬಿಟ್ಟು ಬರ್ರಿ" ಎನ್ನುತ್ತಿದ್ದರು. ಅವರು ತಲೆಬುಡ ತಿಳಿಯದೆ ಪಿಳಿಪಿಳಿ ನೋಡುತ್ತಿದ್ದರು.

ಅಣ್ಣ ಒಂದು ಸಲ ತಪ್ಪಿದ. ಆದರೆ ಓಡಿ ಹೋಗಲಿಲ್ಲ, ತಾನಾಗಿಯೇ ಆಸ್ಪತ್ರೆಗೆ ನಡೆದ. "ಬಂದ್ರಲ್ಲ, ಸಾಕು. ಕೂಡ್ರಿ" ಎಂದು ಡಾಕ್ಟರಮ್ಮ ಮತ್ತೆ ಮೊದಲಿಂದ ಶುರು ಮಾಡಿದರು. ಹರಿಹರದವನು ಇನ್ನೂ ಹೆಚ್ಚು ಸಲ ತಪ್ಪಿದ, ಪ್ರತಿ ಸಲವೂ ಬಂದ. ಇಬ್ಬರೂ ಉಳಿದರು.

ಪೇಟೆಯಲ್ಲಿ ಎದುರಾದರೆ ಡಾಕ್ಟರಮ್ಮ ಗುರುತೇ ಇಲ್ಲದವರಂತೆ ಮುಂದೆ ಹೋಗಿಬಿಡುತ್ತಿದ್ದರು. ಮೊದಲ ಸಲ ನನಗೆ ಮೈಯೆಲ್ಲ ಉರಿದಿತ್ತು. ಕೇಳಿಯೂ ಬಿಟ್ಟೆ. "ನಾನು ಮಾತಾಡಿಸಿದ್ರೆ, ಈಯಮ್ಮ ನಿಮಗೆ ಹೆಂಗೆ ಗೊತ್ತು ಅಂತ ಜನ ಕೇಳ್ತಾರೆ. ನಿಮ್ಮಣ್ಣಂಗೆ ಹೆಣ್ಣು ನೋಡಬೇಕಲ್ಲವ್ವ" ಎಂದರು. ಅಂಥ ಮರ್ಯಾದೆಯನ್ನು ನಮಗೆ ಬೇರೆ ಯಾರೂ ಕೊಟ್ಟಿರಲಿಲ್ಲ.

ಲೋಕಿಕೆರೆಯ ಹೆಣ್ಣು ಸಿಕ್ಕಿತು. ಅತ್ತಿಗೆಗೆ ಅಣ್ಣ ಮದುವೆಗೆ ಮೊದಲೇ ಎಲ್ಲ ಹೇಳಿದ್ದ. ಅವಳ ತವರಿಗೆ ಮಾತ್ರ ಅದು ಗುಟ್ಟಾಗಿಯೇ ಉಳಿಯಿತು.

ಕೆಲವು ವರ್ಷಗಳ ನಂತರ, ಕಾಯಿಲೆಯಿಂದ ಡಾಕ್ಟರಮ್ಮ ತೀರಿಕೊಂಡರು. ಸುದ್ದಿ ಬಂದಾಗ ಅಣ್ಣನ ಮಾವ ನಮ್ಮ ಮನೆಯಲ್ಲೇ ಇದ್ದರು, ಅವರೂ ಜೊತೆಗೆ ಬಂದರು. ಡಾಕ್ಟರಮ್ಮನ ಮನೆಯ ಗೇಟಿನ ಹತ್ತಿರ ಹತ್ತಾರು ಗಂಡಸರು ಒಬ್ಬರ ಮುಖ ಒಬ್ಬರು ನೋಡದೆ ದೂರ ದೂರ ನಿಂತಿದ್ದರು. ಪರವೂರಿಂದ ಬಂದಿದ್ದ ಡಾಕ್ಟರಮ್ಮನ ಅಣ್ಣ ಎಲ್ಲರ ಹತ್ತಿರ ಬಂದು ಮೆಲ್ಲಗೆ, "ತಾವು ಯಾರ್ರಿ?" ಎಂದು ವಿಚಾರಿಸುತ್ತಿದ್ದರು. ಒಬ್ಬ ಹಳೇ ಪರಿಚಯ ಎಂದ, ಇನ್ನೊಬ್ಬ ಪಕ್ಕದ ಬೀದಿ ಎಂದ. ನಮ್ಮ ಸರದಿ ಬಂದಾಗ ನಾನೇ ಏನಾದರೂ ಹೇಳಿ ಸಾಗಹಾಕಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣ ಮಾತಾಡಿದ್ದ.

"ನಾನು ಅವ್ರ ಪೇಷಂಟ್ರಿ. ಇಂಜೆಕ್ಷನ್ ಚಟ ಇತ್ತು. ನನ್ನನ್ನ ಉಳಿಸಿದೋರು ಅವ್ರೇ."

ನನಗೆ ಮಾವನವರ ಮುಖ ನೋಡುವ ಧೈರ್ಯವಾಗಲಿಲ್ಲ. ಅವರು ಹೆಗಲ ಮೇಲಿನ ಟವಲ್ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಅಣ್ಣನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು:

"ಹಂಗಾದ್ರೆ ಇಲ್ಲಿ ಹಿಂದೆ ಯಾಕ ನಿಂತೀರಿ ಅಳಿಯಂದ್ರೆ? ಮುಂದೆ ಹೋಗ್ರಿ. ಹೆಗಲು ಕೊಡ್ರಿ."